ಹನ್ನೊಂದು ತಿರುಪು

ಲೀಮಾದಲ್ಲಿ ಮಳೆ ಬರುವುದಿಲ್ಲ.
ಜೂನ್ ಹುಟ್ಟಿದರೆ ಆಕಾಶ ಒದ್ದೆ ಬಟ್ಟೆಯ ಹಾಗೆ
ತಲೆಯ ಮೇಲೆ ಜೋತುಬೀಳುತ್ತದೆ, ಹಿಂಡುವವರಿಲ್ಲ.
ನಾಲ್ಕನೆಯ ಮಹಡಿಯಲ್ಲಿ ನಾವು ಒಂಬತ್ತು ಹೆಂಗಸರು,
ಒಂಬತ್ತು ಮಿಷನ್ನು, ಒಂದು ಕಿಟಕಿ.
ಕಿಟಕಿಗೆ ಹನ್ನೊಂದು ತಿರುಪು.
ನೂಲು ಕಳುವಾದ ವರ್ಷ ಹಾಕಿಸಿದ್ದು
ಎನ್ನುತ್ತಾರೆ ದೋನ್ ಅಬಿಲಿಯೊ.
ಮಂಜು ನುಗ್ಗಿ ಬಟ್ಟೆ ಮುಗ್ಗಲಾಗುತ್ತದೆ ಎಂದೂ ಎನ್ನುತ್ತಾರೆ.
ಎರಡೂ ಸುಳ್ಳಲ್ಲ.

ನನ್ನ ಎಡಕ್ಕೆ ಸತುರ್ನಿನಾ,
ವಂಕವೆಲಿಕಾದ ಬೆಟ್ಟದಿಂದ ಇಳಿದವಳು.
ಶಾಲೆಯಂಗಿಯ ಕಾಲರು ಅವಳದು, ದಿನಕ್ಕೆ ನಾನೂರು.
ತೋಳು ಕೂಡಿಸುವುದು ನನ್ನದು.
ಅವಳ ಕೈ ಬಿಟ್ಟದ್ದು ನನ್ನ ಕೈಗೆ ಬರುತ್ತದೆ.

ಜುಲೈಯಲ್ಲಿ ಕಾಲರುಗಳಲ್ಲಿ ಏನೋ ಕಾಣತೊಡಗಿತು:
ನೆಟ್ಟಗೆ ಹೋಗುವ ಹೊಲಿಗೆ ಅಲ್ಲಲ್ಲಿ ತಡವರಿಸಿ
ಹಿಂದಕ್ಕೆ ಮುಂದಕ್ಕೆ ಮೂರು ಸಲ ಹೆಚ್ಚಿಗೆ ಓಡಿದೆ.
ಬೆರಳಿಟ್ಟರೆ ಗಂಟು.
ಮಿಷನ್ನಿನ ದೋಷ ಎಂದುಕೊಂಡೆ.
ಆಮೇಲೆ ತಿಳಿಯಿತು,
ಕೆಮ್ಮು ಬಂದಾಗಲೆಲ್ಲ ಅವಳು ಪೆಡಲು ಒತ್ತಿ ಹಿಡಿದು
ಸದ್ದಿನ ಅಡಿಗೆ ಸದ್ದನ್ನಿಟ್ಟು ಹೊಲಿಯುತ್ತಿದ್ದಳು.

ಬೇಡವೆಂದರೂ ಬೆರಳು ಎಣಿಸಿತು.
ಸೋಮವಾರ ನಲವತ್ತು ಗಂಟು.
ಶುಕ್ರವಾರ ನೂರಾ ಹತ್ತು.
ಯಾವುದೋ ಶಾಲೆಯ ಮಕ್ಕಳು
ಅವಳ ಕೆಮ್ಮನ್ನು ಕೊರಳ ಸುತ್ತ ಹಾಕಿಕೊಂಡು
ಸಾಲಾಗಿ ನಿಂತಿರಬಹುದು.
(ಬಟ್ಟೆಯಿಂದ ಅಂಟುವುದಿಲ್ಲವಂತೆ.
ಅದು ಆಗ ನನಗೆ ಗೊತ್ತಿರಲಿಲ್ಲ.)

ಮೆಟ್ಟಿಲ ತಿರುವಿನಲ್ಲಿ ತಡೆದು ಕೇಳಿದೆ.
ಕೈಯ ಬನ್ನನ್ನು ಅರ್ಧ ಮುರಿದು ಕೊಡುತ್ತ ಅಂದಳು:
ಯಾರ ಹತ್ತಿರವೂ ಉಸಿರಬೇಡ.

ಉಸಿರಬೇಡ.
ಅವಳು ಹೇಳಿದ್ದು ಒಂದು, ನನಗೆ ಕೇಳಿಸಿದ್ದು ಇನ್ನೊಂದು.
ಆ ರಾತ್ರಿ ಮಗನ ಪಕ್ಕ ಮಲಗಿ
ಮೂಗನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡೆ.

ಹೋದ ವರ್ಷ ಎರ್ಮೆಲಿಂದಾ ಬಾಯಿಬಿಟ್ಟಿದ್ದಳು.
ಮಧ್ಯಾಹ್ನದೊಳಗೆ ಅವಳ ಕುರ್ಚಿಯಲ್ಲಿ ಬೇರೆಯವಳು.
ಕೂತ ದಿಂಬು ಮಾತ್ರ ಎರ್ಮೆಲಿಂದಾಳದ್ದೇ.

ಅದಕ್ಕೇ ಆರೋಗ್ಯ ಕೇಂದ್ರಕ್ಕೆ ಹೋಗಿ
ಕೆಮ್ಮುತ್ತಿರುವುದು ನಾನು ಎಂದೆ.
ಕಫ ಎಲ್ಲಿ ಎಂದಳು ನರ್ಸು ಬೆನೀತಾ.
ನನ್ನಲ್ಲಿರಲಿಲ್ಲ.
ಪೆನ್ನು ಕೆಳಗಿಟ್ಟು ಕೇಳಿದಳು:
ನಿಮ್ಮಲ್ಲಿ ಕಿಟಕಿ ಎಷ್ಟು?

ಬಂದವಳು ಯಾರ ಹೆಸರನ್ನೂ ಕೇಳಲಿಲ್ಲ.
ಒಂದು ಧೂಪದ ಕಡ್ಡಿ ಹಚ್ಚಿ ನಡುವೆ ಹಿಡಿದಳು.
ಹೊಗೆ ನೆಟ್ಟಗೆ ಏರಿತು, ಛಾವಣಿ ಮುಟ್ಟಿತು,
ಬಸ್ಸು ತಪ್ಪಿದವನ ಹಾಗೆ ಅಲ್ಲೇ ನಿಂತಿತು.
ಒಬ್ಬಳು ಬಿಟ್ಟದ್ದನ್ನು
ಇಲ್ಲಿ ಒಂಬತ್ತು ಜನ ಸರದಿಯಲ್ಲಿ ಸೇದುತ್ತೀರಿ, ಎಂದಳು.
ದೋನ್ ಅಬಿಲಿಯೊ ಕಡೆ ತಿರುಗಿ:
ಹತ್ತನೆಯವರು ನೀವು.

ಅವರು ಬಹಳ ಹೊತ್ತು ಹೊಗೆಯನ್ನೇ ನೋಡಿದರು.
ತಿರುಪುಳಿ ತಂದವರೂ ಅವರೇ.
ಹತ್ತು ತಿರುಪು ಬಂದವು.
ಹನ್ನೊಂದನೆಯದರ ತಲೆ ಮುರಿಯಿತು.
ಹಾಗಾಗಿ ಕಿಟಕಿ ಈಗಲೂ ಸೊಟ್ಟಗೆ ತೆರೆಯುತ್ತದೆ.

ಮಂಜು ಒಳಗೆ ಬಂತು.
ಇಪ್ಪತ್ತು ಕಾಲರು ಮುಗ್ಗಲಾಗಿ ವಾಪಸು ಬಂದವು,
ನಮ್ಮ ಕೂಲಿಯಲ್ಲೇ ಹಿಡಿದರು.
ಒಂಬತ್ತು ಜನರ ಕಫ ಪರೀಕ್ಷೆಗೆ ಹೋಯಿತು,
ಒಂದಕ್ಕೆ ಹೆಸರು ಬಂತು: ಕ್ಷಯ.

ಎರಡು ತಿಂಗಳು ಅವಳ ಕುರ್ಚಿ ಖಾಲಿ ಇರಲಿ,
ಅವಳ ನಾನೂರನ್ನು ಎಂಟು ಪಾಲು ಮಾಡಿಕೊಳ್ಳೋಣ ಎಂದೆವು.
ಎಲ್ಲರೂ ಒಪ್ಪಲಿಲ್ಲ.
ಮಿರೆಯಾ ಒಪ್ಪಲಿಲ್ಲ, ಅವಳಿಗೆ ಎಳೆ ಕೂಸಿದೆ.
ಏಳು ಪಾಲಾಯಿತು.

ನಿನ್ನೆ ನೂಲಿನ ಧೂಳು ಗಂಟಲಿಗೆ ಹೋಗಿ
ನನಗೇ ಕೆಮ್ಮು ಬಂತು.
ಕಾಲು ತಾನಾಗಿ ಪೆಡಲಿಗೆ ಹೋಯಿತು.
ತೆಗೆದೆ.
ಮೊಣಕೈ ಮಡಚಿ ಅದರೊಳಗೆ
ಕೇಳುವ ಹಾಗೆಯೇ ಕೆಮ್ಮಿದೆ.

ಏಳು ಮಿಷನ್ನು ನಿಂತವು.
ಮಿರೆಯಾ ಎದ್ದು, ನನ್ನ ಕಡೆ ನೋಡದೆ,
ಆ ಸೊಟ್ಟ ಕಿಟಕಿಯನ್ನು
ಇನ್ನೊಂದು ಗೇಣು ತಳ್ಳಿದಳು.